ತಪ್ಪು ಹೇಳಿದ ಪಾಠ ಮತ್ತು ಪಾಲ್ ಎರ್ಲಿಖ್

ಅಭ್ಯಾಸ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಗೆ ರೋಗನಿರೋಧಕ ಶಕ್ತಿಯ ಬಗ್ಗೆ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕ ಮೇಡಂ ವೀಕ್ಷಣಾ ಹಾಳೆ ಹಿಡಿದು ಕೂತಿದ್ದರು. ಬಿಳಿ ರಕ್ತಕಣಗಳು ನಮ್ಮ ದೇಹದ ಸೈನಿಕರು ಎಂದು ಹೇಳಿ, ಚಾರ್ಟು ತೋರಿಸಿ, ಎಲ್ಲ ಸರಾಗವಾಗಿ ಸಾಗುತ್ತಿತ್ತು. ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ತನ್ನ ತಾತನಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದೆ, ಆಸ್ಪತ್ರೆಯಲ್ಲಿ ಕೀಮೋ ಜೊತೆಗೇ ಇಮ್ಯುನೋ ಎಂಬ ಇನ್ನೊಂದು ಔಷಧವನ್ನೂ ಒಂದೇ ದಿನ ಹಾಕುತ್ತಾರೆ, ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಾಗುತ್ತದಂತೆ, ಹಾಗಿದ್ದರೆ ಸೈನಿಕರನ್ನೇ ಕೊಂದು ಆಮೇಲೆ ಯುದ್ಧ ಮಾಡಿ ಎಂದರೆ ಹೇಗೆ ಮಿಸ್ ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ, ನೋಡಿಕೊಂಡು ಬಂದು ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಹಿಂದೆ ಮೇಡಂ ಬರೆಯುತ್ತಿದ್ದರು. ವಿಷಯ ಜ್ಞಾನ ಎಂಬ ಕಾಲಂ ನನ್ನ ಕಣ್ಣ ಮುಂದೆ ಬಂತು. ಎರಡೂ ಔಷಧ ಒಂದಕ್ಕೊಂದು ವಿರುದ್ಧ, ಎತ್ತು ಏರಿಗೆ ಕೋಣ ನೀರಿಗೆ ಎಳೆದ ಹಾಗೆ, ಆದ್ದರಿಂದ ಒಂದಾದ ಮೇಲೆ ಒಂದು ಕೊಡುತ್ತಾರೆಯೇ ಹೊರತು ಒಟ್ಟಿಗೆ ಕೊಡುವುದಿಲ್ಲ ಎಂದುಬಿಟ್ಟೆ. ತರಗತಿ ನಕ್ಕಿತು, ಹುಡುಗಿ ಕೂತಳು. ಆ ದಿನದ ವೀಕ್ಷಣಾ ಹಾಳೆಯಲ್ಲಿ ಗಾದೆ ಮಾತಿನ ಬಳಕೆಗೆ ಮೆಚ್ಚುಗೆಯೂ ಸಿಕ್ಕಿತ್ತು.

ಎರಡು ದಿನದ ನಂತರ ಆ ಹುಡುಗಿಯ ತಾಯಿ ಶಾಲೆಗೆ ಬಂದರು. ಹೊಲ ಒತ್ತೆ ಇಟ್ಟು ಆ ಎರಡನೇ ಔಷಧಕ್ಕೆ ಹಣ ಹೊಂದಿಸುತ್ತಿದ್ದರಂತೆ. ಮಗಳು ಮನೆಯಲ್ಲಿ ಹೇಳಿದ್ದನ್ನು ಕೇಳಿ, ಅದು ದಂಡದ ಖರ್ಚೇ, ಮುಂದಿನ ಸರದಿಗೆ ಬೇಡ ಎಂದುಬಿಡಬಹುದೇ ಎಂದು ವಿಚಾರಿಸಲು ಬಂದಿದ್ದರು. ನನ್ನ ಕೈಕಾಲು ತಣ್ಣಗಾದವು. ನಾನು ಹೇಳಿದ್ದು ಸರಿ ಇರಲಿಕ್ಕಿಲ್ಲ, ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಿದೆ. ಆ ಸಂಜೆ ಮೇಡಂ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಅದೇ ತರಗತಿಗೆ ಇನ್ನೂ ಒಂದು ಅವಧಿ ತೆಗೆದುಕೊಂಡು ತಪ್ಪನ್ನು ತಿದ್ದು ಎಂದರು. ಉತ್ತರ ಹುಡುಕುತ್ತ ಹೋದಾಗ ಎಲ್ಲ ದಾರಿಗಳೂ ಒಬ್ಬ ಮನುಷ್ಯನ ಮನೆಬಾಗಿಲಿಗೆ ಬಂದು ನಿಂತವು. ಕೀಮೋಥೆರಪಿ ಎಂಬ ಹೆಸರಿಟ್ಟವರು ಅವರು. ರೋಗನಿರೋಧಕ ವಿಜ್ಞಾನಕ್ಕಾಗಿ ನೊಬೆಲ್ ಪಡೆದವರೂ ಅವರೇ. ಪಾಲ್ ಎರ್ಲಿಖ್.

ಎರ್ಲಿಖ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಆಗಿನ ಪ್ರಷ್ಯಾದ ಸೈಲೀಸಿಯಾ ಪ್ರಾಂತ್ಯದ ಸ್ಟ್ರೇಲೆನ್ ಎಂಬ ಸಣ್ಣ ಊರಲ್ಲಿ. ಇಂದು ಅದು ಪೋಲೆಂಡಿಗೆ ಸೇರಿದೆ. ಯಹೂದಿ ಕುಟುಂಬ. ತಂದೆ ಇಸ್ಮಾರ್ ಮದ್ಯದ ಭಟ್ಟಿ ನಡೆಸುತ್ತಿದ್ದರು. ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್ ಎಂಬ ಯುವ ವೈದ್ಯ ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶಗಳಿಗೆ ಆನಿಲಿನ್ ಬಣ್ಣ ಹಚ್ಚುವುದನ್ನು ಕಲಿತವನು. ಜರ್ಮನಿಯಲ್ಲಿ ಆಗ ಬಟ್ಟೆಗೆ ಹಾಕುವ ಕೃತಕ ಬಣ್ಣಗಳ ಕಾರ್ಖಾನೆಗಳು ಅಣಬೆಯಂತೆ ಏಳುತ್ತಿದ್ದ ಕಾಲ. ಹುಡುಗ ಪಾಲ್‌ಗೆ ಆ ಬಣ್ಣಗಳ ಹುಚ್ಚು ಹತ್ತಿತು. ಸಾಯುವವರೆಗೂ ಅದು ಬಿಡಲಿಲ್ಲ.

ಶಾಲೆಯಲ್ಲಿ ಲ್ಯಾಟಿನ್ ಮತ್ತು ಗಣಿತ ಚೆನ್ನಾಗಿದ್ದವು. ಜರ್ಮನ್ ಪ್ರಬಂಧ ಎಂದರೆ ಕಷ್ಟ. ಕೊನೆಯ ಪರೀಕ್ಷೆಯಲ್ಲಿ ಬದುಕು ಒಂದು ಕನಸು ಎಂಬ ವಿಷಯ ಕೊಟ್ಟಿದ್ದರಂತೆ. ಹುಡುಗ, ಬದುಕು ಎಂದರೆ ಆಕ್ಸಿಡೀಕರಣ, ಕನಸು ಎಂದರೆ ಮಿದುಳಿನಲ್ಲಿ ನಡೆಯುವ ಒಂದು ಬಗೆಯ ರಾಸಾಯನಿಕ ಬೆಳಕು ಎಂದು ಬರೆದು ಬಂದನೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಅಂಕ ತೀರ ಕಡಿಮೆ ಬಂತು. ಮೌಲ್ಯಮಾಪನದ ಬಗ್ಗೆ ನಮಗೆ ಒಂದು ಇಡೀ ಪತ್ರಿಕೆ ಇದೆಯಲ್ಲ, ಅದನ್ನು ಓದುವಾಗಲೆಲ್ಲ ಈ ಉತ್ತರ ಪತ್ರಿಕೆ ನನ್ನ ಕೈಗೆ ಬಂದಿದ್ದರೆ ಎಷ್ಟು ಅಂಕ ಕೊಡುತ್ತಿದ್ದೆ ಎಂದು ಯೋಚಿಸುತ್ತೇನೆ. ಕೇಳಿದ್ದಕ್ಕೆ ಉತ್ತರ ಬರೆದಿಲ್ಲ ಎಂದು ನಾನೂ ಕಡಿಮೆಯೇ ಕೊಡುತ್ತಿದ್ದೆನೇನೋ.

ವೈದ್ಯಕೀಯ ಓದಿದ್ದು ಬ್ರೆಸ್ಲೌ, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ಹೀಗೆ ಊರೂರು ಅಲೆದು. ಉಪನ್ಯಾಸಗಳಿಗಿಂತ ಬಣ್ಣದ ಬಾಟಲಿಗಳ ಮುಂದೆ ಕಳೆದ ಸಮಯವೇ ಹೆಚ್ಚು. ಮೇಜು, ಕೈ, ಅಂಗಿ ಎಲ್ಲವೂ ಬಣ್ಣಬಣ್ಣ. ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕಾಖ್ ಬ್ರೆಸ್ಲೌಗೆ ಬಂದಾಗ ಪ್ರಯೋಗಾಲಯ ತೋರಿಸುತ್ತಿದ್ದವರು ಮೂಲೆಯಲ್ಲಿದ್ದ ಈ ವಿದ್ಯಾರ್ಥಿಯತ್ತ ಕೈ ಮಾಡಿ, ಬಣ್ಣ ಹಚ್ಚುವುದರಲ್ಲಿ ಗಟ್ಟಿಗ, ಪರೀಕ್ಷೆ ಮಾತ್ರ ಪಾಸಾಗುವವನಲ್ಲ ಎಂದು ಪರಿಚಯಿಸಿದರೆಂಬ ಕಥೆಯಿದೆ. 1878ರಲ್ಲಿ ಪಾಸಾದರು. ಪ್ರಬಂಧದ ವಿಷಯವೂ ಅಂಗಾಂಶಕ್ಕೆ ಬಣ್ಣ ಹಚ್ಚುವುದರ ಬಗ್ಗೆಯೇ.

ಬಣ್ಣ ಹಚ್ಚುವುದರಲ್ಲಿ ಅಂಥದ್ದೇನಿದೆ ಎಂದು ನನ್ನ ತರಗತಿಯಲ್ಲೂ ಕೇಳಿದರು. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ನನ್ನ ತಪ್ಪಿನ ಬೇರು ಇಲ್ಲೇ ಇತ್ತು. ಒಂದೇ ಗಾಜಿನ ಪಟ್ಟಿಯ ಮೇಲೆ ಒಂದು ಬಣ್ಣ ಒಂದು ಬಗೆಯ ಜೀವಕೋಶಕ್ಕೆ ಮಾತ್ರ ಅಂಟುತ್ತದೆ, ಪಕ್ಕದ್ದನ್ನು ಮುಟ್ಟುವುದೇ ಇಲ್ಲ. ಏಕೆ? ಎರ್ಲಿಖ್ ಅವರ ಇಡೀ ಜೀವನ ಈ ಒಂದು ಏಕೆ ಎಂಬುದರ ಹಿಂದೆ ಓಡಿದ್ದು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಸೇರಿದ ಮೇಲೆ ಅವರು ರಕ್ತಕ್ಕೆ ಬಣ್ಣ ಹಚ್ಚಿದರು. ಅದುವರೆಗೆ ಸುಮ್ಮನೆ ಬಿಳಿ ಕಣ ಎನ್ನುತ್ತಿದ್ದ ಗುಂಪಿನಲ್ಲಿ ಆಮ್ಲೀಯ ಬಣ್ಣ ಹಿಡಿಯುವವು, ಕ್ಷಾರೀಯ ಬಣ್ಣ ಹಿಡಿಯುವವು, ತಟಸ್ಥ ಬಣ್ಣ ಹಿಡಿಯುವವು ಎಂದು ಬೇರೆ ಬೇರೆ ಜಾತಿ ಇರುವುದು ಕಂಡಿತು. ಇಯೋಸಿನೋಫಿಲ್, ಬೇಸೋಫಿಲ್, ನ್ಯೂಟ್ರೋಫಿಲ್ ಎಂಬ ಹೆಸರುಗಳು ಅಲ್ಲಿಂದ ಬಂದವು. ಇಂದು ಯಾವ ಪಟ್ಟಣದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೂ ವರದಿಯಲ್ಲಿ ಈ ಹೆಸರುಗಳು ಸಾಲಾಗಿ ಇರುತ್ತವೆ. ಆ ಹುಡುಗಿ ತಾತನ ವರದಿ ತಂದಿದ್ದಳು. ಅದರಲ್ಲೂ ಇದ್ದವು. ಬಿಳಿ ರಕ್ತಕಣ ಎಂದರೆ ಒಂದೇ ಬಗೆಯ ಸೈನಿಕರು ಎಂಬಂತೆ ನಾನು ಚಾರ್ಟಿನಲ್ಲಿ ಒಂದೇ ಚಿತ್ರ ಬರೆದು ತೂಗುಹಾಕಿದ್ದೆ. ನೂರನಲವತ್ತು ವರ್ಷ ಹಿಂದೆಯೇ ಎರ್ಲಿಖ್ ತಿದ್ದಿದ್ದ ತಪ್ಪು ಅದು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದಾಗ ಎರ್ಲಿಖ್ ಸಭೆಯಲ್ಲಿದ್ದರು. ಅದಕ್ಕೆ ಬಣ್ಣ ಹಚ್ಚುವ ವಿಧಾನವನ್ನು ಕೂಡಲೇ ಸುಧಾರಿಸಿಕೊಟ್ಟರು. ಕೆಲವು ವರ್ಷಗಳ ಬಳಿಕ ಅದೇ ಬಣ್ಣ ಹಚ್ಚಿ ನೋಡಿದಾಗ ತಮ್ಮದೇ ಕಫದಲ್ಲಿ ಅದೇ ಬ್ಯಾಕ್ಟೀರಿಯಾ ಕಂಡಿತು. ಒಣ ಹವೆಗಾಗಿ ಹೆಂಡತಿ ಹೆಡ್ವಿಗ್ ಜೊತೆ ಈಜಿಪ್ಟಿಗೆ ಹೋಗಿ, 1889ರಲ್ಲಿ ಗುಣವಾಗಿ ಮರಳಿದರು. ಶ್ವಾಸಕೋಶದ ಕಾಯಿಲೆ ಎಂದರೇನೆಂದು ಅವರಿಗೆ ಪುಸ್ತಕದಿಂದಷ್ಟೇ ಗೊತ್ತಿದ್ದುದಲ್ಲ.

ಬಂದ ಮೇಲೆ ಮಾಡಿದ ಪ್ರಯೋಗವನ್ನು ನಮ್ಮ ಮಕ್ಕಳಿಗೆ ಹೇಳುವುದು ಸುಲಭವಾಯಿತು. ಅದರಲ್ಲಿ ಬಳಸಿದ ಎರಡೂ ವಿಷ ನಮ್ಮ ಬೇಲಿಯ ಮೇಲೆ ಬೆಳೆಯುವಂಥವು. ಹರಳು ಬೀಜದ ರಿಸಿನ್, ಗುಲಗಂಜಿ ಬೀಜದ ಆಬ್ರಿನ್. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಅದೇ ಕೆಂಪು ಕಪ್ಪು ಗುಲಗಂಜಿ. 1891ರಲ್ಲಿ ಎರ್ಲಿಖ್ ಇಲಿಗಳಿಗೆ ಈ ವಿಷವನ್ನು ತೀರ ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ದಿನ ದಿನಕ್ಕೆ ಹೆಚ್ಚಿಸುತ್ತ ಕೊಟ್ಟರು. ಕೊನೆಗೆ, ಸಾಮಾನ್ಯ ಇಲಿ ಸಾಯುವ ಪ್ರಮಾಣದ ಎಷ್ಟೋ ಪಟ್ಟು ಕೊಟ್ಟರೂ ಈ ಇಲಿಗಳು ಬದುಕಿದವು. ಆದರೆ ಹರಳಿನ ವಿಷಕ್ಕೆ ಒಗ್ಗಿದ ಇಲಿ ಗುಲಗಂಜಿಯ ವಿಷಕ್ಕೆ ಸತ್ತಿತು. ದೇಹದ ರಕ್ಷಣೆ ಬೀಗಕ್ಕೆ ತಕ್ಕ ಕೀಲಿಯಂತೆ, ಒಂದಕ್ಕೆ ಒಂದು. ಒಗ್ಗಿದ ತಾಯಿಯ ಹಾಲು ಕುಡಿದ ಮರಿಗಳಿಗೂ ಸ್ವಲ್ಪ ಕಾಲ ರಕ್ಷಣೆ ದೊರೆಯುವುದನ್ನೂ ಅವರು ತೋರಿಸಿದರು.

ಅದೇ ಹೊತ್ತಿಗೆ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಗಂಟಲಮಾರಿ ಮತ್ತು ಧನುರ್ವಾಯುವಿಗೆ ಸೀರಮ್ ಚಿಕಿತ್ಸೆ ಕಂಡುಹಿಡಿದಿದ್ದರು. ಆದರೆ ಒಂದು ಬಾಟಲಿಯಲ್ಲಿ ಶಕ್ತಿ ಹೆಚ್ಚು, ಇನ್ನೊಂದರಲ್ಲಿ ಏನೂ ಇಲ್ಲ ಎಂಬ ಸ್ಥಿತಿ. ಸೀರಮ್ಮನ್ನು ಅಳೆಯುವ ಮಾನ ಕೊಟ್ಟವರು ಎರ್ಲಿಖ್. ಗಂಟಲು ಕಟ್ಟಿ ಸಾಯುತ್ತಿದ್ದ ಸಾವಿರಾರು ಮಕ್ಕಳು ಉಳಿದರು. ಹಣದ ವಿಚಾರದಲ್ಲಿ ಬೇರಿಂಗ್ ಜೊತೆಗಿನ ಸ್ನೇಹ ಕೆಟ್ಟಿತು. 1901ರ ಮೊದಲ ನೊಬೆಲ್ ಬೇರಿಂಗ್ ಒಬ್ಬರಿಗೇ ಹೋಯಿತು. ಎರ್ಲಿಖ್ ಅವರಿಗೆ 1908ರಲ್ಲಿ ಬಂತು, ಮೆಚ್ನಿಕಾಫ್ ಜೊತೆ ಹಂಚಿಕೊಂಡು. ರಕ್ಷಣೆ ರಕ್ತದ ದ್ರವದಲ್ಲಿದೆ ಎಂಬುದು ಒಬ್ಬರ ಪಕ್ಷ, ಕಣಗಳಲ್ಲಿದೆ ಎಂಬುದು ಇನ್ನೊಬ್ಬರದು. ಇಬ್ಬರೂ ಸರಿ ಎಂದು ಆಮೇಲೆ ಗೊತ್ತಾಯಿತು.

1897ರಲ್ಲಿ ಅವರು ಬರೆದ ಪಾರ್ಶ್ವ ಸರಪಳಿ ಸಿದ್ಧಾಂತವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದೇ ಹೇಳಬೇಕು. ಜೀವಕೋಶದ ಮೈಮೇಲೆ ಬೇರೆ ಬೇರೆ ಆಕಾರದ ಕೈಗಳು ಚಾಚಿಕೊಂಡಿವೆ, ವಿಷ ತನಗೆ ಹೊಂದುವ ಕೈಯನ್ನು ಹಿಡಿಯುತ್ತದೆ, ಆಗ ಜೀವಕೋಶ ಅದೇ ಬಗೆಯ ಕೈಗಳನ್ನು ಇನ್ನಷ್ಟು ಬೆಳೆಸಿ ರಕ್ತಕ್ಕೆ ಬಿಡುತ್ತದೆ, ಅವೇ ಪ್ರತಿಕಾಯಗಳು. ಮುಂದೆ ಅವರೇ ಆ ಕೈಗಳನ್ನು ರಿಸೆಪ್ಟರ್ ಎಂದು ಕರೆದರು. ವಿವರಗಳಲ್ಲಿ ತಪ್ಪುಗಳಿದ್ದವು. ಚಿತ್ರ ಮಾತ್ರ ಉಳಿಯಿತು. ಈ ಮನುಷ್ಯನಿಗೆ ಚಿತ್ರ ಬರೆಯದೆ ಮಾತಾಡಲು ಬರುತ್ತಿರಲಿಲ್ಲ. ಮೇಜಿನ ಬಟ್ಟೆ, ಅಂಗಿಯ ತೋಳು, ನೆಲ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಗೀಚುತ್ತಿದ್ದರು. ಕಂಕುಳಲ್ಲಿ ಸಿಗಾರ್ ಪೆಟ್ಟಿಗೆ, ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಿಗಾರ್. ಶ್ವಾಸಕೋಶದ ಪಾಠದಲ್ಲಿ ಇದನ್ನು ಹೇಳಬೇಕೋ ಬಿಡಬೇಕೋ ಎಂದು ಅನುಮಾನಿಸಿದೆ. ಹೇಳಿದೆ. ದೊಡ್ಡವರು ಸೇದಿದರೆಂದು ಅದು ಒಳ್ಳೆಯದಾಗುವುದಿಲ್ಲ ಎಂದು ಒಬ್ಬ ಹುಡುಗನೇ ಎದ್ದು ಹೇಳಿದ.

1899ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವರಿಗಾಗಿ ಒಂದು ಸಂಸ್ಥೆ ಕಟ್ಟಿದರು. 1906ರಲ್ಲಿ ಫ್ರಾಂಜಿಸ್ಕಾ ಸ್ಪೈಯರ್ ಎಂಬ ಮಹಿಳೆ ಗಂಡನ ನೆನಪಿಗೆ ಕೊಟ್ಟ ದಾನದಿಂದ ಅದರ ಪಕ್ಕದಲ್ಲೇ ಇನ್ನೊಂದು ಸಂಶೋಧನಾಲಯ ಎದ್ದಿತು. ಅಲ್ಲಿ ನಡೆದ ಕೆಲಸಕ್ಕೆ ಅವರಿಟ್ಟ ಹೆಸರು ಕೀಮೋಥೆರಪಿ, ರಾಸಾಯನಿಕದಿಂದ ಚಿಕಿತ್ಸೆ. ತರ್ಕ ಹಳೆಯದೇ. ಒಂದು ಬಣ್ಣ ರೋಗಾಣುವಿಗೆ ಮಾತ್ರ ಅಂಟಿ ದೇಹಕ್ಕೆ ಅಂಟದಿದ್ದರೆ, ಆ ಬಣ್ಣಕ್ಕೆ ವಿಷದ ಬಾಲ ಕಟ್ಟಿ ಕಳಿಸಬಹುದಲ್ಲ. ಗುರಿ ಬಿಟ್ಟು ಬೇರೆಯವರನ್ನು ಮುಟ್ಟದ ಮಾಯಾ ಗುಂಡು ಎಂದು ಅದನ್ನು ಕರೆದರು. ಆರ್ಸೆನಿಕ್, ಅಂದರೆ ನಮ್ಮ ಪಾಷಾಣದ ಮೂಲಧಾತು, ಇರುವ ನೂರಾರು ಸಂಯುಕ್ತಗಳನ್ನು ರಸಾಯನಜ್ಞ ಬರ್ಥೈಮ್ ಮುಂತಾದವರು ತಯಾರಿಸಿದರು. 606ನೆಯದು ಉಪಯೋಗಕ್ಕಿಲ್ಲ ಎಂದು ಪರೀಕ್ಷಿಸಿದ ಸಹಾಯಕರೊಬ್ಬರು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾಟಾ ತಾಳ್ಮೆಯಿಂದ ಎಲ್ಲವನ್ನೂ ಮತ್ತೆ ಪರೀಕ್ಷಿಸಿದರು. ಸಿಫಿಲಿಸ್ ತಗುಲಿದ ಮೊಲಗಳು 606ರಿಂದ ಗುಣವಾದವು. ಪಾದರಸ ಹಚ್ಚಿಕೊಂಡು ಹಲ್ಲು ಉದುರಿಸಿಕೊಳ್ಳುತ್ತಿದ್ದ ರೋಗಿಗಳಿಗೆ 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಔಷಧ ಸಿಕ್ಕಿತು. ಮಾರಾಟಕ್ಕೆ ಮೊದಲು ಸುಮಾರು 65,000 ಡೋಸ್‌ಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ ಪರೀಕ್ಷಿಸಿದ್ದರು.

ಆದರೆ ಗುಂಡು ಅಷ್ಟು ಮಾಯೆಯದಾಗಿರಲಿಲ್ಲ. ಗಾಳಿ ತಾಗಿದರೆ ಕೆಡುತ್ತಿತ್ತು, ಕರಗಿಸುವುದರಲ್ಲಿ ಎಡವಿದರೆ ಅಪಾಯ. ಕೆಲವು ರೋಗಿಗಳು ಸತ್ತರು. ಪತ್ರಿಕೆಗಳಲ್ಲಿ ಬೈಗುಳ, ಯಹೂದಿ ಎಂಬ ಕಾರಣಕ್ಕೆ ಇನ್ನಷ್ಟು ಬೈಗುಳ, 1914ರಲ್ಲಿ ಮೊಕದ್ದಮೆ. ಕೋರ್ಟು ಅವರ ಪರವಾಗಿ ನಿಂತಿತು, ಆರೋಗ್ಯ ನಿಲ್ಲಲಿಲ್ಲ. ಅದೇ ವರ್ಷ ಯುದ್ಧ ಶುರುವಾದಾಗ ಜರ್ಮನ್ ಸೈನ್ಯವನ್ನು ಸಮರ್ಥಿಸಿದ 93 ಗಣ್ಯರ ಹೇಳಿಕೆಗೆ ಅವರೂ ಸಹಿ ಹಾಕಿದರು. ಅದು ನನಗೆ ಹಿಡಿಸಲಿಲ್ಲ. 1915ರ ಆಗಸ್ಟ್ 20ರಂದು ಬಾಡ್ ಹೊಂಬರ್ಗ್‌ನಲ್ಲಿ ತೀರಿಕೊಂಡರು. ನಾಜಿಗಳು ಬಂದ ಮೇಲೆ ಅವರ ಹೆಸರಿನ ರಸ್ತೆಯ ಫಲಕ ಕಿತ್ತರು, ಹೆಡ್ವಿಗ್ ದೇಶ ಬಿಟ್ಟರು.

ಇನ್ನು ಹುಡುಗಿಯ ಪ್ರಶ್ನೆ. ಎರ್ಲಿಖ್ ಕ್ಯಾನ್ಸರ್ ಮೇಲೂ ಹಲವು ವರ್ಷ ಇಲಿಗಳಲ್ಲಿ ಕೆಲಸ ಮಾಡಿದ್ದರು. ಔಷಧ ಸಿಗಲಿಲ್ಲ. ಆದರೆ 1909ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಒಂದು ಊಹೆ ಇದೆ. ದೇಹದಲ್ಲಿ ದಾರಿತಪ್ಪಿದ ಕೋಶಗಳು ಆಗಾಗ ಹುಟ್ಟುತ್ತಲೇ ಇರುತ್ತವೆ, ದೇಹದ ರಕ್ಷಣೆ ಅವನ್ನು ಅಡಗಿಸದಿದ್ದರೆ ಕ್ಯಾನ್ಸರ್ ಈಗಿರುವುದಕ್ಕಿಂತ ಎಷ್ಟೋ ಹೆಚ್ಚು ಜನರಿಗೆ ಬರುತ್ತಿತ್ತು ಎಂದು. ಅದನ್ನು ಬಹುಕಾಲ ಯಾರೂ ಮುಂದುವರಿಸಲಿಲ್ಲ. ಇನ್ನೊಂದು ಮಾತನ್ನು 1913ರಲ್ಲಿ ಲಂಡನ್ನಿನ ವೈದ್ಯಕೀಯ ಸಮ್ಮೇಳನದಲ್ಲಿ ಹೇಳಿದರು. ಒಂದೇ ಔಷಧ ಕೊಡುತ್ತ ಹೋದರೆ ರೋಗಾಣು ಅದಕ್ಕೆ ಒಗ್ಗಿಬಿಡುವುದನ್ನು ಅವರ ಪ್ರಯೋಗಾಲಯವೇ ಕಂಡಿತ್ತು. ಆದ್ದರಿಂದ ಬೇರೆ ಬೇರೆ ಕೈಗಳನ್ನು ಹಿಡಿಯುವ ಔಷಧಗಳನ್ನು ಒಟ್ಟಿಗೆ ಕೊಡಬೇಕು, ಸೈನ್ಯದ ತುಕಡಿಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಸಲ ಮೇಲೆ ಬೀಳುವಂತೆ ಎಂದರು. ಇದನ್ನು ಓದಿದಾಗ ನನ್ನ ಎತ್ತು ಕೋಣದ ಗಾದೆ ನೆನಪಾಗಿ ಮುಖ ಬಿಸಿಯಾಯಿತು.

ಈಗ ಆ ಎರಡು ದಾರಿ ಹೇಗೆ ಸೇರಿವೆ ಎಂದು ಹಲಗೆಯ ಮೇಲೆ ಬರೆದೆ. ನಮ್ಮ ಟಿ ಕೋಶಗಳ ಮೈಮೇಲೆ ಪಿಡಿ-1 ಎಂಬ ಒಂದು ಕೈ ಇದೆ. ಅದು ಬ್ರೇಕ್. ಇದನ್ನು 1992ರಲ್ಲಿ ಗುರುತಿಸಿದವರು ಜಪಾನಿನ ತಾಸುಕು ಹೊಂಜೊ ಅವರ ತಂಡ. 2018ರ ನೊಬೆಲನ್ನು ಅವರು ಅಮೆರಿಕದ ಜೇಮ್ಸ್ ಆಲಿಸನ್ ಜೊತೆ ಹಂಚಿಕೊಂಡರು. ಹಲವು ಕ್ಯಾನ್ಸರ್ ಕೋಶಗಳು ಆ ಬ್ರೇಕನ್ನು ಒತ್ತಿ ಹಿಡಿದು ಟಿ ಕೋಶವನ್ನು ಸುಮ್ಮನಾಗಿಸುತ್ತವೆ. ಪೆಂಬ್ರೋಲಿಝುಮಾಬ್ ಎಂಬ ಔಷಧ ಒಂದು ಪ್ರತಿಕಾಯ. ಅದು ಪಿಡಿ-1 ಮೇಲೆ ಕೂತು, ಕ್ಯಾನ್ಸರ್ ಕೋಶಕ್ಕೆ ಬ್ರೇಕ್ ಸಿಗದಂತೆ ಮಾಡುತ್ತದೆ. ಇದೇ ಇಮ್ಯುನೋ. ಕೀಮೋದಲ್ಲಿ ಪ್ಲಾಟಿನಂ ಲೋಹದ ಸಂಯುಕ್ತ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಅಂಟಿ ಅದನ್ನು ಕೊಲ್ಲುತ್ತದೆ. ಹಾಗೆ ಸತ್ತು ಒಡೆದ ಕೋಶದ ಚೂರುಗಳು ಹೊರಚೆಲ್ಲಿ, ಟಿ ಕೋಶಗಳಿಗೆ ಶತ್ರುವಿನ ಗುರುತು ಸಿಗುತ್ತದೆ. ಗಡ್ಡೆಯೂ ಕುಗ್ಗುತ್ತದೆ. ಕೀಮೋದಿಂದ ಹೆಚ್ಚಾಗಿ ಇಳಿಯುವುದು ನ್ಯೂಟ್ರೋಫಿಲ್‌ಗಳು. ಮೂರು ವಾರದ ಅಂತರದಲ್ಲಿ ಅವು ಬಹುಮಟ್ಟಿಗೆ ಮತ್ತೆ ಏರುತ್ತವೆ. ಟಿ ಕೋಶಗಳೂ ಸ್ವಲ್ಪ ಕಡಿಮೆಯಾಗಬಹುದು, ಆದರೆ ಎಲ್ಲ ಸೈನಿಕರೂ ಸಾಯುವುದಿಲ್ಲ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೇಹದಲ್ಲಿ ಹರಡಿದ ಒಂದು ಬಗೆಯ ಶ್ವಾಸಕೋಶ ಕ್ಯಾನ್ಸರಿನ 616 ರೋಗಿಗಳಿದ್ದರು. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಬದಲಾವಣೆ ಇದ್ದವರನ್ನು ಸೇರಿಸಿರಲಿಲ್ಲ, ಅವರಿಗೆ ಬೇರೆ ಔಷಧಗಳಿವೆ. ಎಲ್ಲರಿಗೂ ಕೀಮೋ, ಮೂರರಲ್ಲಿ ಇಬ್ಬರಿಗೆ ಜೊತೆಗೆ ಪೆಂಬ್ರೋಲಿಝುಮಾಬ್. ಒಂದು ವರ್ಷದ ಹೊತ್ತಿಗೆ ಎರಡೂ ಪಡೆದವರಲ್ಲಿ ಶೇ. 69ರಷ್ಟು, ಕೀಮೋ ಮಾತ್ರ ಪಡೆದವರಲ್ಲಿ ಶೇ. 49ರಷ್ಟು ಜನ ಬದುಕಿದ್ದರು. ಬ್ರೇಕ್ ತೆಗೆದ ಟಿ ಕೋಶಗಳು ಒಮ್ಮೊಮ್ಮೆ ನಮ್ಮದೇ ಶ್ವಾಸಕೋಶ, ಕರುಳು, ಥೈರಾಯ್ಡ್ ಮೇಲೆ ತಿರುಗಿಬೀಳುವುದೂ ಉಂಟು. ಅದನ್ನೂ ಹೇಳಿದೆ. ನೂರರಲ್ಲಿ 69 ಎಂದರೆ ಉಳಿದ 31 ಎಲ್ಲಿ ಎಂದು ಒಬ್ಬ ಕೇಳಿದ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವರು ಆ ವರ್ಷದೊಳಗೆ ತೀರಿಕೊಂಡರು ಎಂದೇ ಹೇಳಿದೆ, ನಿಮ್ಮ ತಾತ ಯಾವ ಗುಂಪಿನಲ್ಲಿರುತ್ತಾರೆಂದು ನನಗೂ ಡಾಕ್ಟರಿಗೂ ಈಗ ಗೊತ್ತಾಗುವುದಿಲ್ಲ ಎಂದೂ ಹೇಳಿದೆ. ಅದಕ್ಕೂ ಮೊದಲು, ಹಿಂದಿನ ಪಾಠದಲ್ಲಿ ನಾನು ಹೇಳಿದ್ದು ತಪ್ಪು ಎಂದು ಹಲಗೆಯ ಮೇಲೆ ಬರೆದೇ ಪಾಠ ಶುರು ಮಾಡಿದ್ದೆ.

ತಾಯಿ ಡಾಕ್ಟರನ್ನು ಕೇಳಿ ಬಂದಿದ್ದರು. ಎರಡೂ ಔಷಧ ಮುಂದುವರಿದವು. ನನ್ನ ಅಭ್ಯಾಸ ಬೋಧನೆ ಮುಗಿಯುವ ಹೊತ್ತಿಗೆ ತಾತನಿಗೆ ಮೂರನೇ ಸರದಿ ಆಗಿತ್ತು, ಹಸಿವು ಸ್ವಲ್ಪ ಬಂದಿದೆ ಎಂದು ಹುಡುಗಿ ಹೇಳಿದಳು. ಕೊನೆಯ ದಿನ ಅವಳು ಒಂದು ಕಾಗದದ ಪೊಟ್ಟಣದಲ್ಲಿ ಗುಲಗಂಜಿ ತಂದಿದ್ದಳು, ಅಜ್ಜಿಯ ಪೆಟ್ಟಿಗೆಯಲ್ಲಿದ್ದವಂತೆ. ಎಣಿಸಿದರೆ ಹನ್ನೊಂದು. ಯಾರೂ ಬಾಯಿಗೆ ಹಾಕಿಕೊಳ್ಳದ ಹಾಗೆ ಸೀಸೆಯಲ್ಲಿ ಹಾಕಿ, ವಿಷ ಎಂದು ಚೀಟಿ ಅಂಟಿಸಿ, ಪ್ರಯೋಗಾಲಯದ ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ವಿಜ್ಞಾನದ ಸರ್‌ಗೆ ಕೊಟ್ಟು ಬಂದೆ.